ಬಣ್ಣದ ಪುಟ ಎಂಟೇ

ಒಟ್ಟು ನಲವತ್ತೆಂಟು ಪುಟ, ಬಣ್ಣದ್ದು ಎಂಟೇ.
ಬಂದರಿನ ಪ್ರೆಸ್ಸಿನ ಪಾಂಡುರಂಗಣ್ಣ ಲೆಕ್ಕ ಬರೆದುಕೊಟ್ಟದ್ದು
ಹಂಚಿ ಉಳಿದ ಮದುವೆ ಕಾಗದದ ಬೆನ್ನಿಗೆ.
ನಮ್ಮ ಬಜೆಟ್ಟಿನ ಅಡಿಯಲ್ಲಿ ಯಾವುದೋ ಮದುಮಗಳ ಹೆಸರು
ತಿರುಗುಮುರುಗಾಗಿ ಮೂಡಿತ್ತು.

ಕಳೆದ ವರ್ಷದ ಸಂಚಿಕೆ ನೆನಪುಂಟಲ್ಲ?
ಅದೇ ಪಾಚಿ ಗೋಡೆ, ಗಿಟಾರು ಹಿಡಿದ ಐದು ಹುಡುಗರು,
ಮೂವರಿಗೆ ಕಪ್ಪು ಕನ್ನಡಕ.
ಈ ಊರಲ್ಲಿ ಬೇರೆ ಯಾರಿಗೂ ಗಂಟಲಿಲ್ಲವಾ ಅಂತ
ಲೈಬ್ರರಿಯ ಪ್ರತಿಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು.
ಅದಕ್ಕೇ ಈ ಸಲ ಪಟ್ಟಿ.

ಕ್ಯಾಂಟೀನಿನ ಮೂಲೆ ಮೇಜು, ಗೋಳಿಬಜೆಯ ಎಣ್ಣೆ
ಪಟ್ಟಿಯ ಮೇಲೆ ಆಗಲೇ ಒಂದು ಚಂದ್ರನನ್ನು ಬಿಟ್ಟಿತ್ತು.
ಸಂಪಾದಕಿ ಲವಿಟಾ ಗಟ್ಟಿಯಾಗಿ ಓದಿದಳು:
ಗುಮಟೆ, ಜೆಪ್ಪುವಿನ ಇಗರ್ಜಿ ಮೆಟ್ಟಿಲು, ಬೆಳಿಗ್ಗೆ ಏಳು.
ಸ್ಯಾಕ್ಸೋಫೋನು, ಬೋಳೂರು, ಅಜ್ಜ ಮೊಮ್ಮಗ ಇಬ್ಬರೂ.
ಹಾಡು, ಮಿಸ್ರಿಯಾ, ಜಾಗ ನೋಡಬೇಕು.
ಡೋಲು, ರಮಿತಾ, ತಣ್ಣೀರುಬಾವಿ, ಸೂರ್ಯಾಸ್ತ.
ಇದೇ ಮುಖಪುಟ, ಅಂದಳು. ಎಲ್ಲರೂ ತಲೆಯಾಡಿಸಿದೆವು.
ನಾನಂತೂ ಆಡಿಸಲೇಬೇಕು, ಕೈಬರಹ ನನ್ನದೇ.

ಮಿಸ್ರಿಯಾ ಮೊದಲು ಸಿಕ್ಕಿದಳು, ಬಸ್ಸಿನ ಫುಟ್‌ಬೋರ್ಡಿನಲ್ಲಿ.
"ಮುಖ ಬೇಡ. ಹೆಸರು ದೊಡ್ಡದಾಗಿ ಹಾಕು,
ಆ ಗಿಟಾರಿನವರ ಐದು ಮುಖದಷ್ಟು ದೊಡ್ಡದು."
ಕಂಡಕ್ಟರು ಸೀಟಿ ಊದಿದ, ಮಾತು ಮುಗಿಯಿತು.

ರಮಿತಾ ಪಟ್ಟಿಯನ್ನು ಎರಡು ಸಲ ಓದಿದಳು.
"ಡೋಲು ಯಾರದ್ದು?"
ಎಲ್ಲಿಂದಾದರೂ ತರಿಸುತ್ತೇವೆ, ಅಂದೆ.
"ನಾನು ಬಡಿದದ್ದೇ ಇಲ್ಲ ಮಾರಾಯ.
ಬಡಿದದ್ದು ಅಜ್ಜ. ಕಂಬಳದ ಹಿಂದಿನ ರಾತ್ರಿ, ಚಳಿಯಲ್ಲಿ, ಕರೆದಾಗ.
ಕರೆದಾಗ ಹೋಗದಿದ್ದರೆ ಎಂತ ಆಗ್ತಿತ್ತು,
ಅದಕ್ಕೆ ನಿನ್ನ ಪಟ್ಟಿಯಲ್ಲಿ ಜಾಗ ಉಂಟಾ?"
ಸಿಟ್ಟೇ ಇರಲಿಲ್ಲ ಸ್ವರದಲ್ಲಿ. ಇದ್ದಿದ್ದರೆ ಸುಲಭವಿತ್ತು.
"ಮಾವನ ಮಗ ಬಾರಿಸ್ತಾನೆ, ಅವನದ್ದೇ ತಂಡ, ಅವನದ್ದೇ ರೇಟು.
ಅವನ ಹತ್ರ ಕೇಳು. ಎಂತ ಉಡುವುದು ಅಂತಲೂ ಅವನ ಹತ್ರವೇ ಕೇಳು.
ನಾನು ಕೀಬೋರ್ಡು."

ಎರಡು ವರ್ಷ ಒಂದೇ ಬೆಂಚಿನ ಸಾಲು. ನನಗೆ ಗೊತ್ತಿರಲಿಲ್ಲ.

ಅಭ್ಯಾಸದ ಕೋಣೆಯಲ್ಲಿ ಸಮುದ್ರವಿಲ್ಲ, ಸಂಜೆಯಿಲ್ಲ,
ಟ್ಯೂಬ್‌ಲೈಟು ಒಂದು, ಅದೂ ಮಿಡುಕುತ್ತಿತ್ತು.
ಶಟರನ್ನು ಅದರ ಮಿಡಿತಕ್ಕೆ ಶ್ರುತಿ ಮಾಡಿಕೊಂಡೆ.
ಕೆಳಗಿನ ಸಪ್ತಕದಲ್ಲಿ ಒಂದು ಕೀ ಸತ್ತಿದೆ,
ಅವಳ ಕಿರುಬೆರಳು ಪ್ರತಿ ಸಲವೂ ಅದನ್ನು ದಾಟುತ್ತದೆ,
ತೋಡು ದಾಟುವವರು ಕಲ್ಲು ನೋಡದೆ ಕಾಲಿಡುವ ಹಾಗೆ.
ತೆಗೆದದ್ದನ್ನೆಲ್ಲ ಕೇಳಿ ನೋಡಿದಳು, ಏಳನ್ನು ಅಳಿಸಿದಳು.
"ಇದರಲ್ಲಿ ಪಾಪದವಳ ಹಾಗೆ ಕಾಣ್ತೇನೆ, ತೆಗಿ.
ಇದರಲ್ಲಿ ನೀನು ಪಾಪದವನ ಹಾಗೆ ನಿಂತು ತೆಗೆದದ್ದು ಕಾಣ್ತದೆ, ತೆಗಿ."
ಉಳಿದದ್ದು ಒಂದು:
ಬಾಯಿ ಅರೆ ತೆರೆದು ಮಾತ್ರೆ ಎಣಿಸುತ್ತಿರುವುದು,
ಹಣೆಯಲ್ಲಿ ಬೆವರು, ಕ್ಯಾಮೆರಾ ಇರುವುದು ಮರೆತದ್ದು.

ಕಪ್ಪುಬಿಳುಪಿನಲ್ಲಿ ಹಾಕಿದರೆ ಚಂದ, ಅಂದೆ,
ಕೀಗಳೂ ಹೇಗೂ ಕಪ್ಪುಬಿಳುಪೇ ಅಲ್ಲವಾ.
"ಅಂಗಿ ಹಳದಿ," ಅಂದಳು, "ಅಮ್ಮ ಹೊಲಿದದ್ದು."

ಮುಖಪುಟ ಇನ್ನೂ ತೀರ್ಮಾನವಾಗಿಲ್ಲ.
ಲವಿಟಾ ಈಗಲೂ ಸೂರ್ಯಾಸ್ತ ಅನ್ನುತ್ತಾಳೆ, ದನಿ ತುಸು ತಗ್ಗಿದೆ.
ಮಾವನ ಮಗ ಆದಿತ್ಯವಾರ ಫೋನು ಮಾಡು ಅಂದಿದ್ದಾನೆ,
ದರ ಕೇಳಿದರೆ ನಮ್ಮ ಬಜೆಟ್ಟು ಕೆಮ್ಮುತ್ತದೆ.
ಮಿಸ್ರಿಯಾಳ ಹೆಸರು ಪುಟದ ಅಂಚಿನವರೆಗೆ ಹೋಗಿ
ಒಂದು ಒತ್ತಕ್ಷರ ಕೆಳಗೆ ಜಾರುತ್ತಿದೆ.

ಪ್ರೆಸ್ಸಿನಲ್ಲಿ ಕರಡು ಬಂದಾಗ ಅಂಗಿ ಹಸಿರಿಗೆ ತಿರುಗಿತ್ತು.
ಹಳದಿ ಇನ್ನೂ ಬೇಕು, ಅಂದೆ. ಇನ್ನೂ ಸ್ವಲ್ಪ. ಇನ್ನೂ.
ಪಾಂಡುರಂಗಣ್ಣ ಕನ್ನಡಕ ಹಣೆಗೇರಿಸಿ ಹಾಳೆ ಬೆಳಕಿಗೆ ಹಿಡಿದರು.
"ಮದುಮಗಳಾ?"
ಅಲ್ಲ, ಕೀಬೋರ್ಡು, ಅಂದೆ.