ಎರಡು ಬೆರಳಿನ ನೀರು

ಮೇಯ್ನ್ ಕರಾವಳಿಯ ನಮ್ಮ ಹೈಸ್ಕೂಲಿನಲ್ಲಿ
ಪರದೇಶದ ಭಾಷೆ ಎರಡು ವರ್ಷ ಕಡ್ಡಾಯ.
ಫ್ರೆಂಚ್ ನಾನು ಕಲಿಸುತ್ತೇನೆ.
ಸನ್ನೆಭಾಷೆಯನ್ನೂ ಆ ಲೆಕ್ಕಕ್ಕೆ ಹಿಡಿಯಬೇಕೆ ಎಂದು
ಮಾರ್ಚಿಯ ಒಂದು ಸಂಜೆ ಸಭೆ ಕೂಡಿತು.
ಕಿಟಕಿಯಾಚೆ ಮಂಜು, ಒಳಗೆ ತಳ ಹತ್ತಿದ ಕಾಫಿಯ ವಾಸನೆ.

ನಾನೇ ಎದ್ದು ಕೇಳಿದೆ: ಇದು ಯಾವ ದೇಶದ ಭಾಷೆ?
ರಾಜಧಾನಿ ಎಲ್ಲಿ? ಅಲ್ಲಿಯ ಅಡುಗೆ ಏನು?
ಕೆಲವರು ನಕ್ಕರು. ಹಿತವೆನಿಸಿತು.
ನಿಜ ಹೇಳುತ್ತೇನೆ, ನನ್ನ ತರಗತಿಯಲ್ಲಿ
ಹನ್ನೊಂದೇ ಮಕ್ಕಳು ಉಳಿದಿದ್ದರು.

ಬೇಡ ಎನ್ನುವವರು ಕೈ ಎತ್ತಿ, ಎಂದರು.
ಎತ್ತಿದೆ.
ಮೂಲೆಯಲ್ಲಿ ಲೊರೆಟಾ ಹ್ಯಾಸ್ಕೆಲ್,
ಹುಟ್ಟಿನಿಂದ ಕಿವಿ ಕೇಳದವರು, ಹೊಸ ಟೀಚರ್,
ನನ್ನ ಕೈಯನ್ನೇ ನೋಡಿದರು
ಒಂದು ಪದ ಓದುವ ಹಾಗೆ.
ಎರಡು ಮತದಿಂದ ಸೋತೆ.

ಸೆಪ್ಟೆಂಬರಿನಲ್ಲಿ ಅವರ ಕೋಣೆ ನನ್ನ ಪಕ್ಕಕ್ಕೇ ಬಂತು.
ಇಪ್ಪತ್ತೆಂಟು ಮಕ್ಕಳು. ಗೋಡೆಯಾಚೆ
ಬೆಂಚು ಜರುಗುವ ಸದ್ದು, ಆಮೇಲೆ ಇದ್ದಕ್ಕಿದ್ದಂತೆ
ಎಲ್ಲರದೂ ಒಟ್ಟಿಗೆ ನಗು.
ಯಾವ ಜೋಕಿಗೆ?
ಬಾಗಿಲ ಗಾಜಿಗೆ ಮೂಗು ಹಚ್ಚಿ ನಿಂತೆ,
ದಡ್ಡನ ಹಾಗೆ.

ಅವತ್ತು ಮೇವಿಸ್ ಬೀಲ್‌ಳ ಪರೀಕ್ಷೆ.
ಕೈ ಸಲೀಸಾಗಿ ಹರಿಯುತ್ತಿತ್ತು. ನೀರು ಬಂದಾಗ ತಡೆಯಿತು.
ನೀರಿಗೆ ಮೂರು ಬೆರಳು, ಗಲ್ಲಕ್ಕೆ ತಾಕಿಸಬೇಕು.
ಅವಳ ನೀರಿಗೆ ಎರಡೇ.
ಹ್ಯಾಸ್ಕೆಲ್ ಉಂಗುರದ ಬೆರಳನ್ನು ಬಿಡಿಸಿದರು.
ಅದು ಮಡಿಸಿಕೊಂಡಿತು.
ಮತ್ತೆ ಬಿಡಿಸಿದರು. ಮತ್ತೆ.

ಆಮೇಲೆ ಹಾಳೆಯ ಮೇಲೆ ಬರೆದು ತಿಳಿಸಿದರು ನನಗೆ:
ಅವಳ ಅಜ್ಜಿ ಮೂವತ್ತೊಂದು ವರ್ಷ ಸಾರ್ಡೀನ್ ಕಾರ್ಖಾನೆಯಲ್ಲಿ
ಕತ್ತರಿಯಿಂದ ಮೀನಿನ ತಲೆ ತೆಗೆದವಳು.
ಯಂತ್ರದ ಗದ್ದಲದಲ್ಲಿ ಕಿವಿಯಿದ್ದವರೂ ಕಿವುಡರೇ,
ಆದರೂ ಅವರಿಗೆ ಕೂಗಲು ಬಾಯಿ ಬಿಡುವಿತ್ತು.
ಇವಳಿಗೆ ಕೈಯೇ ಬಾಯಿ, ಆ ಕೈ ತುಂಬ ಮೀನು.
ಊಟದ ಗಂಟೆಯವರೆಗೆ ಮಾತು ಕೂಡಿಡುತ್ತಿದ್ದಳಂತೆ.
ಒಂದು ಚಳಿಗಾಲ ಕತ್ತರಿ ಅರ್ಧ ಬೆರಳು ಒಯ್ದಿತು.
ಮೊಮ್ಮಗಳು ಕಂಡ ಮೊದಲ ನೀರು
ಆ ಮೋಟು ಬೆರಳಿನದು.

ಕೈ ಕಟ್ಟು, ಬಾಯಿ ಮುಚ್ಚು,
ಎಷ್ಟು ಮಕ್ಕಳಿಗೆ ಗದರಿದ್ದೇನೆ.
ಎರಡೂ ಒಂದೇ ಆಗುವವರು ಇದ್ದಾರೆಂದು
ಹೊಳೆದಿರಲಿಲ್ಲ.

ನನ್ನ ಅಜ್ಜಿಯದು ಮರ ಕಡಿಯುವವರ ಫ್ರೆಂಚ್.
ಕಾಲೇಜಿನಿಂದ ಬಂದವನು ಊಟದ ಮೇಜಿನಲ್ಲಿ
ಅವಳ ಒಂದೊಂದು ಪದವನ್ನೂ ತಿದ್ದಿದೆ.
ಕೊನೆಕೊನೆಗೆ ನನ್ನೊಡನೆ ಅವಳು
ಇಂಗ್ಲಿಷಿನಲ್ಲೇ ಮಾತಾಡಿದಳು.

ಹ್ಯಾಸ್ಕೆಲ್ ಅಂಕ ಕಡಿದಿದ್ದರು, ಹೊಡೆದು ಹಾಕಿ
ಪೂರ್ತಿ ಕೊಟ್ಟಿದ್ದರು. ಎದುರಿಗೆ ಒಂದೇ ಮಾತು: ಮನೆಯದು.

ಭಾಷಾ ವಿಭಾಗಕ್ಕೆ ಮುಖ್ಯಸ್ಥ ನಾನು. ಸಹಿ ನನ್ನದೇ ಬೇಕು.
ಅರ್ಜಿಯಲ್ಲಿ ಹಳೆಯದೊಂದು ಕಲಮು, ಯಾರೂ ತೆಗೆದಿಲ್ಲ:
ಈ ಭಾಷೆಯನ್ನು ಯಾವ ದೇಶದಲ್ಲಿ ಆಡುತ್ತಾರೆ?
ಮೇವಿಸ್ ಪೆನ್ಸಿಲಿನಲ್ಲಿ ತುಂಬಿದ್ದಾಳೆ:
ನಮ್ಮ ಅಡುಗೆಮನೆಯಲ್ಲಿ,
ದೀಪ ಇದ್ದರೆ.