ಅಯ್ಯ ಬಾರದ ಭಾನುವಾರ

ನಮ್ಮ ಅಯ್ಯನಿಗೆ ಐದು ಸಭೆ, ಒಂದು ಮಾರುತಿ ಕಾರು.
ಎರಡನೇ ಭಾನುವಾರ ನಮ್ಮದು.
ಮಿಕ್ಕವು ನನ್ನವು:
ಬೀಗದ ಕೈ, ಪೊರಕೆ, ಮೇಣದ ಬತ್ತಿಯ ತುಂಡು,
ಒತ್ತಿದರೆ ಒತ್ತಿದಲ್ಲೇ ಕೂರುವ ಒಂದು ಮನೆಯಿರುವ ಕೀಬೋರ್ಡು,
ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರು.
ಅದರಲ್ಲಿ ಆರು ಜನ ಸಿಮೆಂಟಿನ ಶಿಲುಬೆಯ ಕೆಳಗಿದ್ದಾರೆ,
ಹೊಡೆದುಹಾಕಲು ಯಾರಿಗೂ ಮನಸ್ಸಿಲ್ಲ.

ನನಗೆ ಇಪ್ಪತ್ಮೂರು. ಬಿ.ಕಾಂ. ಮುಗಿಸಿ
ಒಂದು ವರ್ಷ ವೇದಪಾಠ ಕಲಿತು ಬಂದೆ.
ಕಾಗದದಲ್ಲಿ ನಾನು ಉಪದೇಶಿ,
ಲೈನಿನ ಹೆಂಗಸರ ಬಾಯಲ್ಲಿ ಪಾಪಾ.
"ಇವತ್ತು ಅಯ್ಯ ಇಲ್ಲ, ಪಾಪಾನೇ" ಎಂದು
ಒಬ್ಬರಿಗೊಬ್ಬರು ಹೇಳಿಕೊಳ್ಳುವಾಗ
ಆ "ಏ" ಎಷ್ಟು ಉದ್ದ ಅಂತ
ಪ್ರತಿ ಸಲ ಅಳೆಯುತ್ತೇನೆ.

ಗಂಟೆ ಅಂದರೆ ಹಲಸಿನ ಮರಕ್ಕೆ ತೂಗಿದ ರೈಲುಕಂಬಿ.
ಕೊಡಗಿಗೆ ರೈಲು ಬಂದಿಲ್ಲ, ಕಂಬಿ ಮಾತ್ರ ಹೇಗೋ ಬಂದಿದೆ.
ಬಡಿಯುವ ಮೊದಲು ಫೋನು ನೋಡಬೇಕು:
ಅರಣ್ಯ ಇಲಾಖೆಯವರ ಸಂದೇಶ,
ಒಂಟಿ ಸಲಗ ಯಾವ ತೋಟದಲ್ಲಿದೆ, ಎತ್ತ ಮುಖ.
ಕಳೆದ ತಿಂಗಳು ಆರಾಧನೆ ಶುರುವಾದದ್ದು
ಅದು ರಸ್ತೆ ದಾಟಿದ ಮೇಲೆ,
ಹನ್ನೊಂದೂವರೆಗೆ.

ಹಾಡಿಗೆ ಎರಡು ಪುಸ್ತಕ, ರಾಗ ಒಂದೇ.
ಮುಂದಿನ ಬೆಂಚು ಕನ್ನಡ, ಹಿಂದಿನದು ತಮಿಳು,
ಕಿಟಕಿ ಪಕ್ಕದ ಅನ್ನಕುಟ್ಟಿ ಚೇಟತ್ತಿಗೆ
ಮಲಯಾಳದಲ್ಲಿ ಮಾತ್ರ ಬಾಯಿಪಾಠ.
ಮೂರನೇ ಸಾಲಿಗೆ ಎಲ್ಲರೂ ದಿಕ್ಕಾಪಾಲು,
ಕೊನೆಯ ಆಮೆನ್‌ಗೆ ಹೇಗೋ ಬಂದು ಸೇರುತ್ತಾರೆ,
ಸಿದ್ದಾಪುರದ ಸಂತೆ ಮುಗಿಸಿ ಜೀಪು ಹತ್ತುವವರ ಹಾಗೆ.

ಜನವರಿ ಬಂತು. ರೋಬಸ್ಟಾ ಕೆಂಪಾಯಿತು.
ಭಾನುವಾರವೂ ಕೊಯ್ಲು, ಕಿಲೋ ಲೆಕ್ಕ.
ಬೆಂಚಿನಲ್ಲಿ ನಾಲ್ಕು ಜನ, ಬಾಗಿಲಲ್ಲಿ ಒಂದು ನಾಯಿ.
ಬರೆದು ತಂದ ಪ್ರಸಂಗ ಮಡಚಿಟ್ಟು
ಸಂಜೆ ತೂಕದ ಕಣಕ್ಕೆ ನಾನೇ ಹೋದೆ,
ಅಲ್ಲೇ ಒಂದು ಪ್ರಾರ್ಥನೆ ಮಾಡೋಣವೆಂದು.
ಮರಿಯಪುಷ್ಪಂ ಕೈ ಚಾಚಿದಳು,
ಹಣ್ಣಿನ ಅಂಟಿಗೆ ಕಪ್ಪಾದ ಕೈ, ಕೈಯಲ್ಲಿ ಚೀಟಿ.
"ಪ್ರಾರ್ಥನೆ ಆಮೇಲೆ ಪಾಪಾ,
ನೀ ಲೆಕ್ಕ ಓದಿದವಳಲ್ಲಾ, ಇದು ನೋಡು."

ಚೀಲಕ್ಕೆ ಎರಡು ಕಿಲೋ ಕಳೆದಿದ್ದರು.
ಗೋಣಿಯ ತೂಕವಂತೆ.
ಯಾರೂ ನೋಡದಾಗ ಒಂದು ಖಾಲಿ ಗೋಣಿಯನ್ನು
ತೂಕಕ್ಕೆ ಹಾಕಿದೆ. ಆರುನೂರ ಎಂಬತ್ತು ಗ್ರಾಂ.

ಚೀಟಿ ಬರೆಯುವ ರೈಟರು ಸೆಲ್ವಿನ್ ಜಯಸಿಂಗ್
ನಮ್ಮ ಸಭೆಯ ಖಜಾಂಚಿ.
ಕಾಣಿಕೆ ಚೀಲ ಹಿಡಿದು ನಡೆಯುವವರು.
ನನ್ನ ತಿಂಗಳ ಆರು ಸಾವಿರವನ್ನು ಕವರಿನಲ್ಲಿಟ್ಟು
"ಕರ್ತನು ಆಶೀರ್ವದಿಸಲಿ ಮಗಳೇ" ಎಂದು ಕೊಡುವವರು.
ನನ್ನ ಅಪ್ಪನ ಪೆಟ್ಟಿಗೆಗೆ
ಮೊದಲು ಹೆಗಲು ಕೊಟ್ಟವರು.

ಮುಂದಿನ ವಾರಕ್ಕೆ ಪಾಠದ ಪಟ್ಟಿಯಲ್ಲಿದ್ದದ್ದು ಕಾನಾ ಊರಿನ ಮದುವೆ.
ಗೋಣಿಯ ಮಾತು ಅದರಲ್ಲಿಲ್ಲ.
ಕಲ್ಲಿನ ಬಾನಿಗಳಿದ್ದವು, ಆರು.
ಅವುಗಳ ಅಳತೆ ಓದುವಾಗ ನಾಲಗೆ ಒಣಗಿತು.
ಅವರು ಎರಡನೇ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು.
ನಾನು ಹೇಳಲಿಲ್ಲ.
ಹೇಳದ್ದಕ್ಕೆ ಕೃಪೆ ಅನ್ನಬೇಕೋ ಕವರು ಅನ್ನಬೇಕೋ
ರಾತ್ರಿಯೆಲ್ಲ ತಿಳಿಯಲಿಲ್ಲ.

ಸೋಮವಾರ ಸಂಜೆ ಕಣದ ಮೂಲೆಯಲ್ಲಿ
ಮಗುಚಿದ ಬುಟ್ಟಿಯ ಮೇಲೆ ಕೂತೆ.
ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ
ಒಬ್ಬೊಬ್ಬರ ಹೆಸರು, ಒಂದೊಂದು ತೂಕ.
ನಾನು ಮಾತಾಡಲಿಲ್ಲ, ಅವರೂ ಕೇಳಲಿಲ್ಲ.
ಮಂಗಳವಾರವೂ. ಬುಧವಾರ ಜ್ವರ, ಆದರೂ.
ಗುರುವಾರ ಅವರು ಪೆನ್ನು ಎತ್ತಿ, ಸ್ವಲ್ಪ ಹೊತ್ತು ಕೆಮ್ಮಿ,
ಬರೆದರು: ಚೀಲಕ್ಕೆ ಒಂದು ಕಿಲೋ.

ಒಂದು. ಆರುನೂರ ಎಂಬತ್ತಲ್ಲ.
ಮರಿಯಪುಷ್ಪಂ ಚೀಟಿಯನ್ನು ಕುಪ್ಪಸಕ್ಕೆ ಸಿಕ್ಕಿಸಿ
"ಈಗ ಪ್ರಾರ್ಥನೆ ಮಾಡು, ಬೇಗ, ಆನೆ ಹೊತ್ತು" ಎಂದಳು.
ಏನು ಬೇಡಿಕೊಂಡೆನೋ ನೆನಪಿಲ್ಲ.
ರೈಟರು ಟೋಪಿ ತೆಗೆದದ್ದು ನೆನಪಿದೆ.

ಎರಡನೇ ಭಾನುವಾರ ಅಯ್ಯ ಬಂದರು,
ಕಾರಿನ ಬಾಗಿಲು ಹಾಕುತ್ತಲೇ ಕೇಳಿದರು,
ಸಭೆಯಲ್ಲಿ ಏನು ವಿಶೇಷ?
ಆ ತಿಂಗಳ ಕವರು ಇನ್ನೂ ಬಂದಿರಲಿಲ್ಲ.
ಕೀಬೋರ್ಡಿನ ಒಂದು ಮನೆ ಏಳುತ್ತಿಲ್ಲ ಅಯ್ಯ, ಅಂದೆ.