ಬೋರ್‌ಹೋಲ್ ಹನ್ನೊಂದು

ಕಂಕನಾಡಿಗೆ ಸ್ವಲ್ಪ ಮೊದಲು, ಸೋಜರ ಬಾವಿ ಸ್ಟಾಪಿನಲ್ಲಿ
ಮುಕ್ಕಾಲಿಯಂತೆ ನಿಂತಿದೆ ನಮ್ಮ ಯಂತ್ರ, ಆರು ದಿನದಿಂದ.
‘ಹಗುರ ರೈಲು ಅಂದರೆ ಎಷ್ಟು ಹಗುರ?’
ಸೋಡಾ ಅಂಗಡಿಯ ಇದಿನಬ್ಬ ಕೇಳಿದರು.
ಟನ್ನಿನಲ್ಲಿ ಹೇಳಿದೆ.
ನಕ್ಕು, ಇನ್ನೊಂದು ಲಿಂಬೆ ಹಿಂಡಿದರು.

ಮೊದಲು ಮುರಕಲ್ಲು, ಹಳೇ ಬನ್ನಿನ ಹಾಗೆ ತೂತು ತೂತು.
ಒಂಬತ್ತು ಮೀಟರಿಗೆ ಶೇಡಿ:
ಒಣಗಿದ್ದರೆ ಸಂಭಾವಿತ, ನೀರು ತಾಗಿದರೆ
ಮಾತು ತಪ್ಪುವ ಮಣ್ಣು. ಬರೆದುಕೊಂಡೆ.

ಹನ್ನೆರಡರಲ್ಲಿ ಸರಳು ತಟಕ್ಕನೆ ಜಾರಿತು.
ಬಿಟ್ಟ ನೀರು ಮೇಲೆ ಬರಲಿಲ್ಲ.
ಒಡಿಶಾದ ಸುಕಾಂತ ಪೈಪಿಗೆ ಕಿವಿಯಿಟ್ಟು
‘ಪಾನಿ ಗಯಾ, ಮೇಡಂ’ ಎಂದ,
ಹೋದದ್ದು ತನ್ನ ಮನೆಯದೇ ಎಂಬಂತೆ.

‘ಬಾಯಿ ಮುಚ್ಚಿದ್ದಾರೆ,’ ಇದಿನಬ್ಬ ಎದ್ದು ಬಂದರು,
‘ಹೊಟ್ಟೆ ಹಾಗೇ ಇರಬೇಕು ಒಳಗೆ.’
ಯಾವುದರದ್ದು? ನಕ್ಷೆ ಬಿಡಿಸಿ ತೋರಿಸಿದೆ,
ಇಲ್ಲಿ ರಸ್ತೆ, ಚರಂಡಿ, ಒಂದು ಟ್ರಾನ್ಸ್‌ಫಾರ್ಮರ್.
ಅವರು ಬಾಯಿ ತೆರೆಯುವ ಮೊದಲೇ
ಹದಿನೈದನೇ ನಂಬರಿನ ಬಸ್ಸು ಬಂತು.
ಫುಟ್‌ಬೋರ್ಡಿಗೆ ಜೋತು ಕಂಡಕ್ಟರ್ ಕೂಗಿದ:
‘ಬಾವಿ, ಬಾವಿ! ಬಾವಿ ಜಪ್ಪುಲೆ!’
ಏಳು ಜನ ಇಳಿದರು.

ಕಂಬವನ್ನು ಆರು ಮೀಟರು ಸರಿಸಿ ಎಂದು ಬರೆದೆ.
ಕಾರಣ ಎಂಬ ಖಾನೆಯಲ್ಲಿ
ಸ್ಟಾಪಿನ ಹೆಸರು.